ವಿಮಾನದ ಆಚೀಚೆಯ ಬಾಡಿಗೆ ದಾರಿ: ಬೈಲಹೊಂಗಲದಿಂದ ಹೀಥ್ರೂವರೆಗೆ

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ: ಬೆಳಗಾವಿ ಜಿಲ್ಲೆಯ ಈ ನಾಲ್ಕು ಪಟ್ಟಣಗಳಿಗೆ ರೈಲೂ ಬಂದಿಲ್ಲ, ವಿಮಾನ ನಿಲ್ದಾಣವೂ ಇಲ್ಲ. ಇಲ್ಲಿಂದ ಪರದೇಶಕ್ಕೆ ಹೊರಟ ಪಯಣ ಬಾಡಿಗೆ ಗಾಡಿಯಲ್ಲೋ ಬಸ್ಸಿನಲ್ಲೋ ಶುರುವಾಗಿ, ಗುರುತು ಪರಿಚಯವಿಲ್ಲದ ನಗರದ ಟ್ಯಾಕ್ಸಿಯಲ್ಲಿ ಮುಗಿಯುತ್ತದೆ. ದುಬೈಗೆ ದುಡಿಯಲು ಹೋಗುವ ಯುವಕ, ಉಮ್ರಾಕ್ಕೆ ಹೊರಟ ದಂಪತಿ, ಲಂಡನ್ನಿನಲ್ಲೋ ನ್ಯೂಜೆರ್ಸಿಯಲ್ಲೋ ಇರುವ ಮಗಳ ಬಾಣಂತನಕ್ಕೆ ಹೊರಟ ತಾಯಿ, ಎಲ್ಲರ ಕಥೆಯೂ ಇದೇ. ವಿಮಾನದೊಳಗಿನ ಹೊತ್ತು ನಿಶ್ಚಿಂತವಾದುದು. ಸೀಟು, ಊಟ, ಸಾಮಾನಿನ ತೂಕ ಎಲ್ಲವೂ ಟಿಕೆಟಿನಲ್ಲೇ ಇರುತ್ತವೆ. ಗೊಂದಲ, ಮೋಸ, ದುಬಾರಿ ಬಾಡಿಗೆ, ತಪ್ಪಿಹೋದ ವಿಮಾನ ಇವೆಲ್ಲ ಹೆಚ್ಚಾಗಿ ಹುಟ್ಟುವುದು ಅದರ ಆಚೀಚೆಯ ಎರಡು ತುದಿಗಳಲ್ಲಿ. ಟಿಕೆಟಿಗೆ ತಿಂಗಳುಗಟ್ಟಲೆ ಹುಡುಕಾಡುವ ಮನೆಯವರು ಈ ತುದಿಗಳಿಗೆ ಒಂದು ಸಂಜೆಯನ್ನೂ ಕೊಡುವುದಿಲ್ಲ.

ಮೊದಲು ತೀರ್ಮಾನವಾಗಬೇಕಾದದ್ದು ಯಾವ ನಿಲ್ದಾಣ ಎಂಬುದು. ಹತ್ತಿರದವು ಎರಡು: ಬೆಳಗಾವಿಯ ಸಾಂಬ್ರಾ ಮತ್ತು ಹುಬ್ಬಳ್ಳಿಯ ಗೋಕುಲ ರಸ್ತೆಯ ನಿಲ್ದಾಣ. 1942ರಲ್ಲಿ ಬ್ರಿಟಿಷ್ ವಾಯುಪಡೆಗಾಗಿ ಕಟ್ಟಿದ ಸಾಂಬ್ರಾ ನಿಲ್ದಾಣ ಬೆಳಗಾವಿಯಿಂದ ಸುಮಾರು 10 ಕಿ.ಮೀ. ಪೂರ್ವಕ್ಕೆ, ಬಾಗಲಕೋಟೆ ರಸ್ತೆಯ ಮೇಲಿದೆ. ಬೈಲಹೊಂಗಲದವರು ನೇಸರಗಿಗೆ ಬಂದು, ಸವದತ್ತಿಯವರು ಯರಗಟ್ಟಿ ದಾಟಿ ನೇಸರಗಿ ಹಿಡಿದು ಬಂದರೆ ಬೆಳಗಾವಿ ಪೇಟೆಯ ಗದ್ದಲಕ್ಕೆ ಸಿಗದೆ ಮೊದಲೇ ಸಾಂಬ್ರಾ ಮುಟ್ಟುತ್ತಾರೆ. ರಾಮದುರ್ಗದವರಿಗೆ ಹುಬ್ಬಳ್ಳಿಯೇ ಸಲೀಸು. ನರಗುಂದ, ನವಲಗುಂದದ ಮೇಲೆ ನೇರ ದಾರಿ. ಕಿತ್ತೂರು ರಾಷ್ಟ್ರೀಯ ಹೆದ್ದಾರಿ 48ರ ಮೇಲೆ ಬೆಳಗಾವಿ, ಧಾರವಾಡಗಳ ನಡುವೆ ಇರುವುದರಿಂದ ಅಲ್ಲಿನವರಿಗೆ ಎರಡೂ ಹೆಚ್ಚುಕಡಿಮೆ ಒಂದೇ ದೂರ. ಈ ಎರಡು ನಿಲ್ದಾಣಗಳಿಂದ ಪರದೇಶಕ್ಕೆ ನೇರ ವಿಮಾನವಿಲ್ಲ. ಬೆಂಗಳೂರು, ಮುಂಬೈಯಂಥ ದೊಡ್ಡ ನಿಲ್ದಾಣದಲ್ಲಿ ಇಳಿದು ಹತ್ತಬೇಕು. ಅದೂ ಅಲ್ಲದೆ ಮಾರ್ಚ್ ಕೊನೆಗೆ ಮತ್ತು ಅಕ್ಟೋಬರ್ ಕೊನೆಗೆ ವಿಮಾನಗಳ ವೇಳಾಪಟ್ಟಿ ಬದಲಾಗುತ್ತದೆ. ಆರು ತಿಂಗಳ ಹಿಂದೆ ನೆರೆಮನೆಯವರು ಹೋದ ವಿಮಾನ ಈಗಲೂ ಇದೆ ಎಂದು ನಂಬುವಂತಿಲ್ಲ.

ಗೋವಾದಿಂದ ಹೊರಡುವವರು ಎಲ್ಲಕ್ಕಿಂತ ಮೊದಲು ಟಿಕೆಟ್ ತೆರೆದು ನೋಡಬೇಕು. 2023ರ ಜನವರಿಯಿಂದ ಗೋವಾದಲ್ಲಿ ಎರಡು ನಿಲ್ದಾಣಗಳು ನಡೆಯುತ್ತಿವೆ. ದಕ್ಷಿಣಕ್ಕೆ ವಾಸ್ಕೊ ಬಳಿಯ ದಾಬೋಳಿ, ಉತ್ತರಕ್ಕೆ ಪೆಡ್ಣೆ ತಾಲ್ಲೂಕಿನ ಮೋಪಾ. ಟಿಕೆಟಿನ ಮೇಲೆ ಎರಡಕ್ಕೂ ಗೋವಾ ಎಂದೇ ಹೆಸರು. ಗುರುತು ಸಿಗುವುದು ಮೂರಕ್ಷರದ ಸಂಕೇತದಿಂದ. ಜಿಒಐ ಎಂದಿದ್ದರೆ ದಾಬೋಳಿ, ಜಿಒಎಕ್ಸ್ ಎಂದಿದ್ದರೆ ಮೋಪಾ. ಒಂದರ ಬದಲು ಇನ್ನೊಂದಕ್ಕೆ ಹೋದವರು ಗೋವಾದ ಉದ್ದವನ್ನೇ ಅಳೆಯಬೇಕಾಗುತ್ತದೆ. ದಾರಿಯೂ ಅದಕ್ಕೆ ತಕ್ಕಂತೆ ಬೇರೆ. ಮೋಪಾಕ್ಕೆ ಬೆಳಗಾವಿಯಿಂದ ಅಂಬೋಲಿ ಘಾಟ್ ಇಳಿದು ಸಾವಂತವಾಡಿ ಮೇಲೆ ಹೋಗಬಹುದು. ಜಾಂಬೋಟಿ, ಕಣಕುಂಬಿ ದಾಟಿ ಚೋರ್ಲಾ ಘಾಟ್ ಇಳಿಯಲೂಬಹುದು. ದಾಬೋಳಿಗೆ ಸವದತ್ತಿ, ರಾಮದುರ್ಗದ ಕಡೆಯವರು ಧಾರವಾಡ, ಅಳ್ನಾವರ, ರಾಮನಗರದ ಮೇಲೆ ಅನಮೋಡ ಘಾಟ್ ಹಿಡಿಯುವುದು ರೂಢಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಈ ಘಾಟುಗಳಲ್ಲಿ ಮಂಜು, ಗುಡ್ಡ ಕುಸಿತ, ಬಿದ್ದ ಮರ ಸಾಮಾನ್ಯ. ಆ ದಿನಗಳಲ್ಲಿ ನಕ್ಷೆ ತೋರಿಸುವ ಸಮಯಕ್ಕೆ ಇನ್ನೆರಡು ತಾಸು ಸೇರಿಸಿಕೊಂಡು ಹಗಲಿನಲ್ಲೇ ಘಾಟ್ ಇಳಿಯುವುದು ಒಳ್ಳೆಯದು. ಟಿಕೆಟಿನ ಸಂಕೇತ ನೋಡುವ ಎಚ್ಚರ ಈಗ ಮುಂಬೈಗೂ ಬೇಕು. 2025ರಲ್ಲಿ ನವಿ ಮುಂಬೈನ ಹೊಸ ನಿಲ್ದಾಣವೂ ಉದ್ಘಾಟನೆಯಾಗಿದೆ.

ಊರಿನ ಬಾಡಿಗೆ

ತಾಲ್ಲೂಕು ಕೇಂದ್ರಗಳಲ್ಲಿ ಸಿಗುವ ಬಾಡಿಗೆ ಗಾಡಿಗಳು ಮುಖ್ಯವಾಗಿ ಎರಡು ಬಗೆಯವು: ನಾಲ್ಕು ಮಂದಿಯ ಕಾರು, ಮತ್ತು ಹತ್ತು ಹನ್ನೆರಡು ಮಂದಿ ಹಿಡಿಯುವ ಕ್ರೂಸರ್. ಬಾಡಿಗೆಯನ್ನು ಕಿಲೋಮೀಟರ್ ಲೆಕ್ಕದಲ್ಲಿ ಹೇಳುತ್ತಾರೆ. ಆದರೆ ಆ ಲೆಕ್ಕದ ಒಳಗೆ ಮತ್ತೂ ನಾಲ್ಕು ಲೆಕ್ಕಗಳಿರುತ್ತವೆ. ಗಾಡಿ ಖಾಲಿ ಮರಳುವ ದಾರಿಗೂ ಹಣ ಕೊಡಬೇಕು. ದಿನಕ್ಕೆ 250 ಅಥವಾ 300 ಕಿ.ಮೀ. ಕನಿಷ್ಠ ಎಂಬ ಕಟ್ಟುಪಾಡು ಇರುತ್ತದೆ. ಚಾಲಕನ ಭತ್ಯೆ ಬೇರೆ. ಹಿರೇಬಾಗೇವಾಡಿಯಂಥ ಟೋಲ್, ನಿಲ್ದಾಣದ ಪಾರ್ಕಿಂಗ್ ಬೇರೆ. ಕಿತ್ತೂರಿನಿಂದ ಸಾಂಬ್ರಾಕ್ಕೆ ಹೋಗಿಬರುವ ದೂರ ಆ ಕನಿಷ್ಠದ ಅರ್ಧದ ಆಸುಪಾಸಿನಲ್ಲೇ ಮುಗಿಯುತ್ತದೆ. ಇಂಥ ಹತ್ತಿರದ ಓಟಕ್ಕೆ ಕಿಲೋಮೀಟರ್ ಮಾತು ಬಿಟ್ಟು, ಟೋಲ್, ಭತ್ಯೆ ಎಲ್ಲ ಸೇರಿಸಿ ಬಿಡುವ ಬಾಡಿಗೆ ಇಷ್ಟು ಎಂದು ಒಂದೇ ಮೊತ್ತಕ್ಕೆ ಮುಗಿಸಿಕೊಳ್ಳುವುದು ಲಾಭ. ಗೋವಾ, ಮುಂಬೈಗಳಂಥ ದೂರದ ಓಟಕ್ಕಾದರೆ ಕಿಲೋಮೀಟರ್ ಲೆಕ್ಕವೇ ನ್ಯಾಯ. ಹೊರಡುವ ಮುನ್ನ ಮೀಟರಿನ ಫೋಟೊ ತೆಗೆದಿಟ್ಟರೆ ಕೊನೆಗೆ ವಾದವಿರುವುದಿಲ್ಲ.

ನಂಬರ್ ಪ್ಲೇಟಿನ ಬಣ್ಣ ನೋಡದೆ ಹತ್ತುವವರೇ ಹೆಚ್ಚು. ಬಾಡಿಗೆಗೆ ಓಡಲು ಪರವಾನಗಿ ಇರುವ ಗಾಡಿಗೆ ಹಳದಿ ಬೋರ್ಡ್ ಇರುತ್ತದೆ. ಬಿಳಿ ಬೋರ್ಡಿನ ಗಾಡಿ ಸ್ವಂತ ಬಳಕೆಯದು. ಪರಿಚಯದವರ ಬಿಳಿ ಬೋರ್ಡ್ ಗಾಡಿ ಒಂದಿಷ್ಟು ಅಗ್ಗಕ್ಕೆ ಸಿಗುತ್ತದೆ ನಿಜ. ಆದರೆ ಅಪಘಾತವಾದಾಗ ಬಾಡಿಗೆಗೆ ಓಡಿಸುತ್ತಿದ್ದರು ಎಂಬುದೇ ವಿಮೆ ಕಂಪನಿಗೆ ಪರಿಹಾರ ನಿರಾಕರಿಸಲು ಕಾರಣವಾಗುತ್ತದೆ. ರಾಜ್ಯದ ಗಡಿಯಲ್ಲಿ ತಪಾಸಣೆಗೆ ನಿಂತರೆ ದಂಡದ ಜೊತೆಗೆ ವಿಮಾನದ ಹೊತ್ತೂ ಹೋಗುತ್ತದೆ. ಕೆಲವು ಸಾವಿರ ರೂಪಾಯಿ ಉಳಿತಾಯಕ್ಕೆ ಈ ಅಪಾಯ ಕೊಳ್ಳಲೇಬಾರದು.

ಗಾಡಿಯ ಗಾತ್ರ ತೀರ್ಮಾನಿಸುವುದು ಜನರಲ್ಲ, ಸಾಮಾನು. ಸಿಎನ್‌ಜಿ ಕಾರುಗಳ ಡಿಕ್ಕಿಯ ಬಹುಪಾಲನ್ನು ಸಿಲಿಂಡರೇ ನುಂಗಿರುತ್ತದೆ. 23 ಕಿಲೋದ ನಾಲ್ಕು ಸೂಟ್‌ಕೇಸು, ಖಡಕ್ ರೊಟ್ಟಿ, ಶೇಂಗಾ ಚಟ್ನಿಯ ಡಬ್ಬಿ ಹೊತ್ತ ಇಬ್ಬರಿಗೆ ಅಂಥ ಕಾರು ಸಾಲದು. ಗಾಡಿ ಗೊತ್ತು ಮಾಡುವಾಗಲೇ ಸಿಎನ್‌ಜಿಯೋ ಡೀಸೆಲ್ಲೋ, ಮೇಲೆ ಕ್ಯಾರಿಯರ್ ಇದೆಯೋ ಎಂದು ಕೇಳಿಟ್ಟುಕೊಳ್ಳಬೇಕು. ಬೀಳ್ಕೊಡಲು ಮನೆಮಂದಿಯೆಲ್ಲ ಕ್ರೂಸರ್ ಏರುವ ರೂಢಿ ಚೆಂದವೇ. ಟಿಕೆಟ್ ಇಲ್ಲದವರನ್ನು ನಿಲ್ದಾಣದ ಕಟ್ಟಡದೊಳಗೆ ಬಿಡುವುದಿಲ್ಲ ಎಂಬುದು ಮಾತ್ರ ಎಲ್ಲರಿಗೂ ಮೊದಲೇ ಗೊತ್ತಿರಲಿ.

ಈ ಭಾಗಕ್ಕೇ ವಿಶೇಷವಾದ ಎರಡು ಎಚ್ಚರಗಳಿವೆ. ಬನದ ಹುಣ್ಣಿಮೆ, ಭರತ ಹುಣ್ಣಿಮೆಯ ಸುತ್ತಿನ ದಿನಗಳಲ್ಲಿ ಸವದತ್ತಿ ಯಲ್ಲಮ್ಮನ ಗುಡ್ಡಕ್ಕೆ ಕರ್ನಾಟಕ, ಮಹಾರಾಷ್ಟ್ರ, ಗೋವಾದಿಂದ ಭಕ್ತರು ಬರುತ್ತಾರೆ. ಸುತ್ತಲಿನ ಊರುಗಳ ಕ್ರೂಸರ್‌ಗಳೆಲ್ಲ ಗುಡ್ಡಕ್ಕೇ ಗೊತ್ತಾಗಿರುತ್ತವೆ, ರಸ್ತೆಯೂ ಕಟ್ಟಿರುತ್ತದೆ. ಆ ದಿನಗಳಲ್ಲಿ ವಿಮಾನವಿದ್ದರೆ ಗಾಡಿಯನ್ನು ವಾರಗಳ ಮೊದಲೇ ಹೇಳಿಡಬೇಕು. ಇನ್ನೊಂದು, ಕಬ್ಬು ನುರಿಸುವ ಕಾಲ. ನವೆಂಬರ್‌ನಿಂದ ಮಾರ್ಚ್‌ವರೆಗೆ ಎಂ.ಕೆ. ಹುಬ್ಬಳ್ಳಿ, ಬೈಲಹೊಂಗಲ, ಯರಗಟ್ಟಿ, ರಾಮದುರ್ಗದ ರಸ್ತೆಗಳಲ್ಲಿ ಎರಡೆರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರ್‌ಗಳು ರಾತ್ರಿಯಿಡೀ ಓಡಾಡುತ್ತವೆ. ಎಷ್ಟೋ ಟ್ರೇಲರ್‌ಗಳಿಗೆ ಹಿಂದಿನ ದೀಪವೇ ಇರುವುದಿಲ್ಲ. ಹಗಲೆಲ್ಲ ದುಡಿದ ಚಾಲಕನನ್ನು ನಡುರಾತ್ರಿ ಈ ರಸ್ತೆಗೆ ಹತ್ತಿಸುವುದು ಅವನಿಗೂ ಅನ್ಯಾಯ, ಕುಳಿತವರಿಗೂ ಗಂಡಾಂತರ. ನಸುಕಿನ ವಿಮಾನವಿದ್ದರೆ ಹಿಂದಿನ ಸಂಜೆಯೇ ಹೊರಟು ನಿಲ್ದಾಣದ ಹತ್ತಿರ ತಂಗುವುದು ಖರ್ಚಲ್ಲ.

ಬೆಂಗಳೂರಿನ ಮೇಲೆ ಹೋಗುವವರಲ್ಲಿ ಹೆಚ್ಚಿನವರು ರಾತ್ರಿ ಬಸ್ಸನ್ನೇ ನೆಚ್ಚುತ್ತಾರೆ. ಬಸ್ಸು ತುಮಕೂರು ರಸ್ತೆಯಿಂದ ನಗರ ಹೊಕ್ಕು ಯಶವಂತಪುರ, ಮೆಜೆಸ್ಟಿಕ್ ಕಡೆ ಬಿಡುತ್ತದೆ; ಕೆಂಪೇಗೌಡ ನಿಲ್ದಾಣ ಮೆಜೆಸ್ಟಿಕ್ಕಿನಿಂದ ಸುಮಾರು 35 ಕಿ.ಮೀ. ದೂರ, ದೇವನಹಳ್ಳಿಯ ಕಡೆಗಿದೆ. ಬಿಎಂಟಿಸಿಯ ವಾಯುವಜ್ರ ಬಸ್ಸು ಹಗಲೂ ರಾತ್ರಿಯೂ ಓಡುತ್ತದೆ, ಸಾಮಾನಿಡಲು ಒಳಗೆ ಜಾಗವಿದೆ, ಟ್ಯಾಕ್ಸಿಗೆ ಹೋಲಿಸಿದರೆ ತೀರಾ ಅಗ್ಗ. ಸ್ವಂತ ಬಾಡಿಗೆ ಗಾಡಿಯಲ್ಲಿ ಬಂದವರು ನಗರದೊಳಗೆ ಬರುವ ಅಗತ್ಯವೇ ಇಲ್ಲ. ದಾಬಸ್‌ಪೇಟೆಯಲ್ಲಿ ಹೊರಳಿ ದೊಡ್ಡಬಳ್ಳಾಪುರದ ಮೇಲೆ ದೇವನಹಳ್ಳಿ ಸೇರಬಹುದು. 2023ರ ಸೆಪ್ಟೆಂಬರ್‌ನಿಂದ ಅಂತರರಾಷ್ಟ್ರೀಯ ವಿಮಾನಗಳು 2ನೇ ಟರ್ಮಿನಲ್ಲಿನಿಂದ ಹೊರಡುತ್ತಿವೆ. ಇದನ್ನು ಚಾಲಕನಿಗೆ ಮೊದಲೇ ಹೇಳಬೇಕು.

ಕರೆಯುವವನ ಹಿಂದೆ ಹೋಗಬಾರದು

ಊರಿನಲ್ಲಿ ಬಾಡಿಗೆ ಗಾಡಿಯ ವ್ಯವಹಾರ ಮುಖಪರಿಚಯದ ಮೇಲೆ ನಡೆಯುತ್ತದೆ. ಬಸ್ ನಿಲ್ದಾಣದಲ್ಲಿ ಇಳಿದ ಕೂಡಲೇ ಎಲ್ಲಿಗೆ ಹೋಗಬೇಕ್ರಿ ಎಂದು ಕೇಳುತ್ತ ಚೀಲಕ್ಕೆ ಕೈಹಾಕುವ ಟಂಟಂ ಚಾಲಕ ಯಾರ ಮಗ, ಯಾವ ಓಣಿಯವನು ಎಂಬುದು ಗೊತ್ತಿರುತ್ತದೆ; ಗೊತ್ತಿಲ್ಲದಿದ್ದರೂ ಎರಡು ಮಾತಿನಲ್ಲಿ ಗೊತ್ತಾಗುತ್ತದೆ. ಅವನ ಒಳ್ಳೆಯ ಹೆಸರೇ ಅಲ್ಲಿ ಜಾಮೀನು. ಪರದೇಶದ ನಿಲ್ದಾಣದಲ್ಲಿ ಈ ಅಭ್ಯಾಸವೇ ಮುಳುವಾಗುತ್ತದೆ. ಬಾಗಿಲ ಬಳಿ ತಾನಾಗಿ ಬಂದು, ಟ್ಯಾಕ್ಸಿ ಬೇಕೆ ಎಂದು ಕೇಳಿ, ಹಿಂದಿಯಲ್ಲಿ ಕುಶಲ ವಿಚಾರಿಸಿ ಸೂಟ್‌ಕೇಸ್ ಎತ್ತಿಕೊಳ್ಳುವವನು ಪರವಾನಗಿ ಇಲ್ಲದವನಾಗಿರುವ ಸಂಭವವೇ ಹೆಚ್ಚು. ಪರವಾನಗಿ ಇರುವ ಚಾಲಕ ತನ್ನ ಸರದಿಯ ಸಾಲಿನಲ್ಲಿ ಗಾಡಿಯ ಬಳಿಯೇ ಇರುತ್ತಾನೆ. ಅಲ್ಲಿ ನಂಬಬೇಕಾದದ್ದು ಮನುಷ್ಯನ ಮಾತನ್ನಲ್ಲ, ಸಾಲನ್ನು, ಮೀಟರನ್ನು, ಗಾಡಿಯ ಮೇಲಿನ ಪರವಾನಗಿ ಸಂಖ್ಯೆಯನ್ನು. ಪರದೇಶದ ಟ್ಯಾಕ್ಸಿಯ ಬಗ್ಗೆ ಒಂದೇ ಮಾತು ನೆನಪಿಟ್ಟುಕೊಳ್ಳುವುದಿದ್ದರೆ ಇದನ್ನು ಇಟ್ಟುಕೊಂಡರೆ ಸಾಕು.

ನಗರದಿಂದ ನಗರಕ್ಕೆ ಪದ್ಧತಿ ಬೇರೆ. ಕೆಲವೆಡೆ ಸಾಲಿನಲ್ಲಿ ನಿಂತು ಮೀಟರ್ ಟ್ಯಾಕ್ಸಿ ಹತ್ತಬೇಕು. ಕೆಲವೆಡೆ ನಿಲ್ದಾಣದಿಂದ ನಗರಕ್ಕೆ ಸರ್ಕಾರವೇ ಗೊತ್ತುಪಡಿಸಿದ ಏಕದರ. ಇನ್ನು ಕೆಲವೆಡೆ ಕೌಂಟರಿನಲ್ಲಿ ಮೊದಲೇ ಹಣ ಕಟ್ಟಿ ಚೀಟಿ ಪಡೆಯುವ ಕ್ರಮ. ಇಳಿಯುವ ಊರಿನಲ್ಲಿ ಇವುಗಳಲ್ಲಿ ಯಾವುದಿದೆ ಎಂದು ಹೊರಡುವ ಮೊದಲೇ ತಿಳಿದಿದ್ದರೆ ಅರ್ಧ ಕೆಲಸ ಮುಗಿದಂತೆ.

ಈ ಭಾಗದವರಿಗೆ ಹೆಚ್ಚು ಬಳಕೆಯ ದುಬೈನಲ್ಲಿ ಟ್ಯಾಕ್ಸಿಗಳು ಮೀಟರಿನ ಮೇಲೆ, ಸರ್ಕಾರದ ರಸ್ತೆ ಸಾರಿಗೆ ಪ್ರಾಧಿಕಾರದ ಹತೋಟಿಯಲ್ಲಿ ನಡೆಯುತ್ತವೆ, ಚೌಕಾಸಿಗೆ ಎಡೆಯಿಲ್ಲ. ನಿಲ್ದಾಣದಿಂದ ಹತ್ತಿದರೆ ಮೀಟರ್ 25 ದಿರ್ಹಂನಿಂದ ಶುರುವಾಗುತ್ತದೆ. ಅದನ್ನು ಕಂಡು ಮೋಸವೆಂದು ಗಾಬರಿಯಾಗಬೇಕಿಲ್ಲ. ಸಾಲಿಕ್ ಎಂಬ ಟೋಲ್ ಕಮಾನು ದಾಟಿದಾಗಲೆಲ್ಲ ಅದರ ಹಣ ಮೀಟರಿಗೆ ಸೇರುತ್ತದೆ. ಮೇಲ್ಛಾವಣಿ ಗುಲಾಬಿ ಬಣ್ಣದ ಟ್ಯಾಕ್ಸಿಗಳನ್ನು ಹೆಂಗಸರೇ ಓಡಿಸುತ್ತಾರೆ. ಒಂಟಿಯಾಗಿ ಬಂದಿಳಿದ ಹೆಣ್ಣುಮಕ್ಕಳು, ಕುಟುಂಬಗಳು ಅವನ್ನು ಕೇಳಿ ಪಡೆಯಬಹುದು. 2009ರಲ್ಲಿ ಶುರುವಾದ ಮೆಟ್ರೊದ ಕೆಂಪು ಮಾರ್ಗ 1 ಮತ್ತು 3ನೇ ಟರ್ಮಿನಲ್‌ಗಳಲ್ಲಿ ನಿಲ್ಲುತ್ತದೆ. 2ನೇ ಟರ್ಮಿನಲ್‌ನಲ್ಲಿ ನಿಲ್ದಾಣವಿಲ್ಲ. ಮೆಟ್ರೊದಲ್ಲಿ ಒಬ್ಬರಿಗೆ ಒಂದು ದೊಡ್ಡ, ಒಂದು ಸಣ್ಣ ಪೆಟ್ಟಿಗೆಯ ಮಿತಿ ಇದೆ, ರಾತ್ರಿಯಿಡೀ ರೈಲು ಓಡುವುದಿಲ್ಲ. ಅಗ್ಗದ ಟಿಕೆಟ್ ಹುಡುಕಿದವರು ಎಷ್ಟೋ ಸಲ ಇಳಿಯುವುದು ಶಾರ್ಜಾದಲ್ಲಿ. ಅದು ಬೇರೆ ಎಮಿರೇಟ್. ಗಡಿ ದಾಟುವ ಟ್ಯಾಕ್ಸಿಗೆ ಹೆಚ್ಚುವರಿ ಶುಲ್ಕ ಬೀಳುತ್ತದೆ. ಟಿಕೆಟಿನಲ್ಲಿ ಉಳಿದದ್ದು ಅಲ್ಲಿಗೆ ಹೋಗುತ್ತದೆ.

ದುಬೈನಲ್ಲಿ ತೊಡಕು ತರುವುದು ಬಾಡಿಗೆಗಿಂತ ವಿಳಾಸ. ಅಲ್ಲಿ ಅಂಚೆ ಮನೆಬಾಗಿಲಿಗೆ ಬರುವ ಪದ್ಧತಿ ಇಲ್ಲದ್ದರಿಂದ ಪತ್ರಗಳ ಮೇಲೆ ಅಂಚೆ ಪೆಟ್ಟಿಗೆಯ ಸಂಖ್ಯೆ ಇರುತ್ತದೆ. ಆ ಸಂಖ್ಯೆ ತೋರಿಸಿದರೆ ಚಾಲಕನಿಗೆ ಏನೂ ತಿಳಿಯದು. ಕಟ್ಟಡದ ಹೆಸರು, ಬಡಾವಣೆ, ಹತ್ತಿರದ ಮೆಟ್ರೊ ನಿಲ್ದಾಣ ಬೇಕು. ಕಟ್ಟಡದ ಬಾಗಿಲಿಗೆ ಅಂಟಿಸಿರುವ ಹತ್ತಂಕಿಯ ಮಕಾನಿ ಸಂಖ್ಯೆ ಇದ್ದರಂತೂ ನೇರ ಬಾಗಿಲಿಗೇ ಬಿಡುತ್ತಾರೆ. ಬಹಳಷ್ಟು ಚಾಲಕರು ಪಾಕಿಸ್ತಾನ, ಬಾಂಗ್ಲಾದೇಶ, ಕೇರಳದವರಾದ್ದರಿಂದ ಹಿಂದಿ, ಉರ್ದು ನಡೆಯುತ್ತದೆ.

ಉಮ್ರಾ ಯಾತ್ರಿಕರು ಹೆಚ್ಚಾಗಿ ಜಿದ್ದಾದಲ್ಲಿ ಇಳಿಯುತ್ತಾರೆ. ಗುಂಪಿನಲ್ಲಿ ಹೋದವರಿಗೆ ಬಸ್ಸಿನ ವ್ಯವಸ್ಥೆ ಇರುತ್ತದೆ. ಸ್ವಂತವಾಗಿ ಹೋದವರಿಗೆ 2018ರಿಂದ ಹರಮೈನ್ ವೇಗದ ರೈಲು ಇದೆ, ನಿಲ್ದಾಣ ವಿಮಾನ ನಿಲ್ದಾಣದಲ್ಲೇ ಇದೆ. ಮಕ್ಕಾದ ರೈಲು ನಿಲ್ದಾಣ ಹರಮ್ ಮಸೀದಿಗೆ ತಾಗಿಲ್ಲ. ಅಲ್ಲಿಂದ ಮತ್ತೆ ಬಸ್ಸು ಅಥವಾ ಟ್ಯಾಕ್ಸಿ ಹಿಡಿಯಬೇಕೆಂಬುದನ್ನು ವಯಸ್ಸಾದವರು ಮೊದಲೇ ತಿಳಿದಿರಬೇಕು.

ಲಂಡನ್ನಿನ ಕಪ್ಪು ಟ್ಯಾಕ್ಸಿಗೆ ಜಗತ್ತಿನಲ್ಲಿ ಒಳ್ಳೆಯ ಹೆಸರಿದೆ, ಅದಕ್ಕೆ ಕಾರಣವೂ ಇದೆ. ಅದರ ಚಾಲಕರು ಚೇರಿಂಗ್ ಕ್ರಾಸ್‌ನ ಸುತ್ತ ಆರು ಮೈಲಿಯೊಳಗಿನ ಸುಮಾರು 25,000 ಬೀದಿಗಳನ್ನು ಬಾಯಿಪಾಠ ಮಾಡಿ ಪರೀಕ್ಷೆ ಕೊಡಬೇಕು. ಈ ಪರೀಕ್ಷೆ 1865ರಿಂದ ನಡೆದುಬಂದಿದೆ. ಗಾಡಿಯಲ್ಲಿ ಗಾಲಿಕುರ್ಚಿ ಏರಿಸಲು ಇಳಿಜಾರು ಹಲಗೆ ಇರುತ್ತದೆ, ಕಾರ್ಡಿನಿಂದ ಹಣ ತೆಗೆದುಕೊಳ್ಳುವುದು ಕಡ್ಡಾಯ. ಆದರೆ ಹೀಥ್ರೂ ವಿಮಾನ ನಿಲ್ದಾಣದಿಂದ ನಗರಕ್ಕೆ ಅದರ ಬಾಡಿಗೆ ಬಲು ತುಟ್ಟಿ. ಮಿನಿಕ್ಯಾಬ್ ಎಂಬ ಇನ್ನೊಂದು ಬಗೆಯದು ಅಗ್ಗ. ಅದನ್ನು ಮೊದಲೇ ಕಾಯ್ದಿರಿಸಿರಬೇಕು, ಸ್ಥಳದಲ್ಲಿ ಬಂದು ಗಿರಾಕಿ ಕರೆಯುವುದು ಅಲ್ಲಿ ಅಪರಾಧ. 2022ರಲ್ಲಿ ತೆರೆದ ಎಲಿಜಬೆತ್ ಮಾರ್ಗದ ರೈಲು ಹಿರಿಯರಿಗೆ ಒಳ್ಳೆಯ ನಡುದಾರಿ. ಅದರ ನಿಲ್ದಾಣಗಳಲ್ಲಿ ಲಿಫ್ಟ್ ಇದೆ, ಹೀಥ್ರೂದಿಂದ ನಗರದ ನಡುವಿಗೆ ನೇರ ಹೋಗುತ್ತದೆ. ಕನ್ನಡಿಗರು ನೋಡದೆ ಬರಲಾರದ ಥೇಮ್ಸ್ ದಂಡೆಯ ಬಸವೇಶ್ವರರ ಪ್ರತಿಮೆಗೂ ಟ್ಯಾಕ್ಸಿ ಬೇಕಿಲ್ಲ. 2015ರ ನವೆಂಬರ್ 14ರಂದು ಅನಾವರಣಗೊಂಡ ಆ ಪ್ರತಿಮೆ ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್‌ನಲ್ಲಿದೆ. ಹೀಥ್ರೂದಿಂದ ಪಿಕಡಿಲಿ ಮಾರ್ಗದಲ್ಲಿ ಗ್ರೀನ್ ಪಾರ್ಕಿಗೆ ಬಂದು, ವಿಕ್ಟೋರಿಯಾ ಮಾರ್ಗಕ್ಕೆ ಬದಲಾಯಿಸಿ ವಾಕ್ಸ್‌ಹಾಲ್‌ನಲ್ಲಿ ಇಳಿದು ನದಿದಂಡೆಗುಂಟ ನಡೆದರೆ ಸಿಗುತ್ತದೆ.

ನ್ಯೂಯಾರ್ಕಿನ ಜೆಎಫ್‌ಕೆ ನಿಲ್ದಾಣದಿಂದ ಮ್ಯಾನ್‌ಹಟನ್‌ಗೆ ಹಳದಿ ಟ್ಯಾಕ್ಸಿಯ ಏಕದರ 2022ರ ಡಿಸೆಂಬರ್‌ನಿಂದ 70 ಡಾಲರ್. ಅದರ ಮೇಲೆ ಟೋಲ್, ಸರ್ಕಾರಿ ಶುಲ್ಕಗಳು, ಮತ್ತೆ ಶೇ 15ರಿಂದ 20ರಷ್ಟು ಭಕ್ಷೀಸು. ಭಕ್ಷೀಸು ಅಲ್ಲಿ ಉಪಕಾರವಲ್ಲ, ಚಾಲಕನ ಸಂಪಾದನೆಯ ಭಾಗ. ಕೊಡದೆ ಇಳಿಯುವುದು ಸರಿಯಲ್ಲ. ಆದರೆ ನಮ್ಮ ಕಡೆಯ ಎಂಜಿನಿಯರುಗಳಲ್ಲಿ ಎಷ್ಟೋ ಮಂದಿ ಇರುವುದು ಹಡ್ಸನ್ ನದಿಯ ಆಚೆ, ನ್ಯೂಜೆರ್ಸಿಯ ಎಡಿಸನ್, ಜೆರ್ಸಿ ಸಿಟಿಗಳಲ್ಲಿ. ಅದು ಬೇರೆ ರಾಜ್ಯ. ಏಕದರ ಅಲ್ಲಿಗೆ ಅನ್ವಯಿಸದು. ಬಾಡಿಗೆಯನ್ನು ಮೊದಲೇ ಮಾತಾಡಿಕೊಳ್ಳಬೇಕು, ಗಾಡಿ ಮರಳುವ ಟೋಲನ್ನೂ ಕೊಡಬೇಕು. ಅಂಥವರು ಟಿಕೆಟನ್ನೇ ನ್ಯೂಜೆರ್ಸಿಯಲ್ಲಿರುವ ನ್ಯೂವಾರ್ಕ್ ನಿಲ್ದಾಣಕ್ಕೆ ತೆಗೆದರೆ ತಾಪತ್ರಯವೇ ಇಲ್ಲ.

ಉಳಿದ ಕೆಲವು ನಗರಗಳು: ಪ್ಯಾರಿಸ್ಸಿನಲ್ಲಿ 2016ರಿಂದ ಏಕದರವಿದೆ, ಸೆನ್ ನದಿಯ ಬಲದಂಡೆಗೆ ಒಂದು, ಎಡದಂಡೆಗೆ ಒಂದು. ಸಿಂಗಪುರದಲ್ಲಿ ಮೀಟರ್ ಪ್ರಾಮಾಣಿಕ. ಮಧ್ಯರಾತ್ರಿ ದಾಟಿದರೆ ಅದರ ಮೇಲೆ ಶೇ 50 ಸೇರುತ್ತದೆ, ವಿಮಾನ ನಿಲ್ದಾಣದ ಶುಲ್ಕ ಬೇರೆ. ಬ್ಯಾಂಕಾಕಿನ ಸುವರ್ಣಭೂಮಿಯಲ್ಲಿ ಯಂತ್ರದಿಂದ ಸರದಿ ಚೀಟಿ ಪಡೆಯಬೇಕು. ಮೀಟರ್ ಹಾಕಲು ಒಲ್ಲೆನೆಂದರೆ ಇಳಿದು ಬಿಡಬೇಕು, ಚೀಟಿಯನ್ನು ಚಾಲಕನಿಗೆ ಕೊಡಬಾರದು. ದೂರು ಕೊಡಲು ಅದೇ ಆಧಾರ. ಟೋಕಿಯೊದ ನರಿತಾ ನಿಲ್ದಾಣ ನಗರದಿಂದ 60 ಕಿ.ಮೀ.ಗಿಂತ ದೂರ. ಅಲ್ಲಿ ಟ್ಯಾಕ್ಸಿಯ ವಿಚಾರ ಬಿಟ್ಟು ರೈಲು, ಬಸ್ಸು ನೋಡಬೇಕು.

ಹಣ, ಫೋನು, ಬಾಗಿಲು

ಪರದೇಶದಲ್ಲಿ ಇಳಿದ ಮೊದಲ ಗಂಟೆಯಲ್ಲಿ ಕೈಕೊಡುವುದು ಬ್ಯಾಂಕ್ ಕಾರ್ಡು. ರಿಸರ್ವ್ ಬ್ಯಾಂಕಿನ ನಿಯಮದಂತೆ 2020ರಿಂದ ಹೊಸ ಕಾರ್ಡುಗಳು ದೇಶದೊಳಗಿನ ಬಳಕೆಗೆ ಮಾತ್ರ ತೆರೆದಿರುತ್ತವೆ. ಹೊರದೇಶದ ಬಳಕೆಯನ್ನು ಗ್ರಾಹಕರೇ ಬ್ಯಾಂಕಿನ ಆ್ಯಪಿನಲ್ಲೋ ಶಾಖೆಯಲ್ಲೋ ಚಾಲೂ ಮಾಡಿಸಿಕೊಳ್ಳಬೇಕು. ಇದನ್ನು ಊರು ಬಿಡುವ ಮುಂಚೆಯೇ ಮುಗಿಸಬೇಕು, ಯಾಕೆಂದರೆ ಅದಕ್ಕೂ ಒಟಿಪಿ ಬೇಕು, ಒಟಿಪಿಗೆ ಭಾರತದ ಸಿಮ್ ನಡೆಯುತ್ತಿರಬೇಕು. ಕಾರ್ಡಿನ ಯಂತ್ರ ರೂಪಾಯಿಯಲ್ಲಿ ಕೊಡುತ್ತೀರಾ ಎಂದು ಕೇಳಿದರೆ ಬೇಡವೆಂದು ಆ ದೇಶದ ನಾಣ್ಯವನ್ನೇ ಒತ್ತಬೇಕು. ರೂಪಾಯಿ ಆರಿಸಿದರೆ ಹೆಚ್ಚಿನ ಪಾಲು ದರದಲ್ಲಿ ನಷ್ಟವೇ. ಯುಪಿಐ ಕೆಲವು ದೇಶಗಳ ಕೆಲವು ಅಂಗಡಿಗಳಲ್ಲಿ ನಡೆಯುತ್ತದೆಯಾದರೂ ಟ್ಯಾಕ್ಸಿಗೆ ಅದನ್ನು ನೆಚ್ಚಿ ಹೋಗಬಾರದು. ಮೊದಲ ಬಾಡಿಗೆಗೆ ಸಾಲುವಷ್ಟು ಅಲ್ಲಿನ ಸಣ್ಣ ನೋಟುಗಳನ್ನು ಬೆಳಗಾವಿ ಅಥವಾ ಹುಬ್ಬಳ್ಳಿಯಲ್ಲೇ ಬದಲಿಸಿಕೊಂಡು ಹೋಗುವುದು ಲೇಸು; ವಿಮಾನ ನಿಲ್ದಾಣದ ಕೌಂಟರುಗಳಲ್ಲಿ ದರ ಕೆಟ್ಟದಾಗಿರುತ್ತದೆ.

ಟ್ಯಾಕ್ಸಿ ಆ್ಯಪುಗಳ ವಿಷಯದಲ್ಲೂ ಹೀಗೆಯೇ. ಭಾರತದ ಉಬರ್ ಖಾತೆ ಲಂಡನ್, ನ್ಯೂಯಾರ್ಕ್, ದುಬೈಗಳಲ್ಲಿ ನಡೆಯುತ್ತದೆ. ಆಗ್ನೇಯ ಏಷ್ಯಾದಲ್ಲಿ ಉಬರ್ 2018ರಲ್ಲೇ ತನ್ನ ವ್ಯವಹಾರವನ್ನು ಗ್ರ್ಯಾಬ್‌ಗೆ ಒಪ್ಪಿಸಿ ಹೊರಬಂದಿದೆ. ಅಲ್ಲಿಗೆ ಗ್ರ್ಯಾಬ್ ಬೇಕು. ಆ್ಯಪ್ ಹಾಕಿಕೊಂಡು ನೋಂದಣಿ ಮುಗಿಸುವ ಕೆಲಸ ಮನೆಯಲ್ಲೇ ಆಗಲಿ. ಇದನ್ನೆಲ್ಲ ಮಾಡಲಾರದ ಹಿರಿಯರಿಗೆ ವಿಳಾಸ, ಅಲ್ಲಿನ ಮಗ ಮಗಳ ಫೋನ್ ನಂಬರನ್ನು ದೊಡ್ಡ ಅಕ್ಷರದಲ್ಲಿ ಕಾಗದದ ಮೇಲೆ ಬರೆದುಕೊಡಬೇಕು. ಟಿಕೆಟ್ ತೆಗೆಯುವಾಗಲೇ ಗಾಲಿಕುರ್ಚಿ ನೆರವು ಕೇಳಿದ್ದರೆ ವಿಮಾನಯಾನ ಸಂಸ್ಥೆಯ ಸಿಬ್ಬಂದಿ ಪಾಸ್‌ಪೋರ್ಟ್ ತಪಾಸಣೆ, ಸಾಮಾನು ಎಲ್ಲ ಮುಗಿಸಿ ಹೊರಬಾಗಿಲವರೆಗೆ ತಂದು ಬಿಡುತ್ತಾರೆ. ಭಾಷೆ ಬಾರದ ತಾಯಿ ಒಬ್ಬಳೇ ಹೊರಟಿದ್ದರೆ ನಡೆಯಲು ಶಕ್ತಿ ಇದ್ದರೂ ಈ ನೆರವು ಕೇಳುವುದು ತಪ್ಪಲ್ಲ.

ಗಾಡಿ ಹತ್ತುವ, ಇಳಿಯುವ ಬದಿಯೂ ಬದಲಾಗುತ್ತದೆ. ಬ್ರಿಟನ್, ಸಿಂಗಪುರ, ಥಾಯ್ಲೆಂಡ್, ಜಪಾನ್, ಆಸ್ಟ್ರೇಲಿಯಾಗಳಲ್ಲಿ ಭಾರತದಂತೆ ವಾಹನಗಳು ಎಡಕ್ಕೆ ಓಡುತ್ತವೆ, ಎಡಬಾಗಿಲಿನಿಂದ ಇಳಿಯಬೇಕು. ದುಬೈ, ಸೌದಿ, ಅಮೆರಿಕ, ಯುರೋಪಿನ ಹೆಚ್ಚಿನ ದೇಶಗಳಲ್ಲಿ ಓಟ ಬಲಕ್ಕೆ. ಅಲ್ಲಿ ಕಾಲುದಾರಿ ಇರುವುದು ಬಲಕ್ಕೆ. ಅಭ್ಯಾಸಬಲದಿಂದ ಎಡಬಾಗಿಲು ತೆರೆದರೆ ನೇರ ಓಡುವ ವಾಹನಗಳ ಎದುರು ಕಾಲಿಡುತ್ತಾರೆ. ಹಿಂದಿನ ಸೀಟಿನವರೂ ಬೆಲ್ಟ್ ಹಾಕಲೇಬೇಕು. ದುಬೈ, ಲಂಡನ್ನುಗಳಲ್ಲಿ ಹಾಕದಿದ್ದರೆ ದಂಡವಿದೆ.

ಇಳಿಯುವಾಗ ರಸೀದಿ ಕೇಳಿ ಪಡೆಯಬೇಕು. ಅದರಲ್ಲಿ ಟ್ಯಾಕ್ಸಿಯ ಸಂಖ್ಯೆ, ಹೊತ್ತು, ಮೊತ್ತ ಇರುತ್ತವೆ. ಫೋನೋ ಪಾಸ್‌ಪೋರ್ಟ್ ಚೀಲವೋ ಗಾಡಿಯಲ್ಲೇ ಉಳಿದರೆ ಹುಡುಕಲು ಇರುವ ಎಳೆ ಅದೊಂದೇ. ದುಬೈನ ಪ್ರಾಧಿಕಾರಕ್ಕೂ ಲಂಡನ್ನಿನ ಸಾರಿಗೆ ಸಂಸ್ಥೆಗೂ ಕಳೆದ ವಸ್ತುಗಳಿಗೆಂದೇ ಪ್ರತ್ಯೇಕ ವಿಭಾಗವಿದೆ, ಸಂಖ್ಯೆ ಹೇಳಿದರೆ ಪತ್ತೆ ಮಾಡಿಕೊಡುತ್ತಾರೆ. ಪಾಸ್‌ಪೋರ್ಟ್ ಸಿಗದೇ ಹೋದರೆ ಅಲ್ಲಿನ ಪೊಲೀಸರಿಗೆ ದೂರು ಕೊಟ್ಟು, ಅದರ ಪ್ರತಿಯೊಂದಿಗೆ ಭಾರತೀಯ ದೂತಾವಾಸಕ್ಕೆ ಹೋಗಬೇಕು. ಪಾಸ್‌ಪೋರ್ಟಿನ ಮೊದಲ, ಕೊನೆಯ ಪುಟಗಳ ಮತ್ತು ವೀಸಾದ ನಕಲನ್ನು ಬೇರೆ ಚೀಲದಲ್ಲಿ ಇಟ್ಟುಕೊಂಡವರ ಕೆಲಸ ಅಲ್ಲಿ ಬೇಗ ಆಗುತ್ತದೆ.